ದೀಪಾ ಧನರಾಜ್ ಕ್ಯಾಮೆರಾ ಕೂರುವ ಜಾಗ

ನಿಪ್ಪಾಣಿಯ ತಂಬಾಕು ಫ್ಯಾಕ್ಟರಿಗಳಲ್ಲಿ ದುಡಿಯುತ್ತಿದ್ದ ಹೆಂಗಸರ ಬಗ್ಗೆ 1982ರಲ್ಲೇ ಒಂದು ಸಾಕ್ಷ್ಯಚಿತ್ರ ಬಂದಿದೆ. ಪೂರ್ತಿ ಅರ್ಧ ಗಂಟೆಯೂ ಇಲ್ಲ. ಹೆಸರು ‘ತಂಬಾಕು ಚಾಕಿಲಾ ಊಬ್ ಆಲಿ’. ಮಾಡಿದ್ದು ಬೆಂಗಳೂರಿನ ಯುಗಾಂತರ್ ಅನ್ನುವ ಸಣ್ಣ ಗುಂಪು, ನಿರ್ದೇಶನ ದೀಪಾ ಧನರಾಜ್ ಅವರದು. ನಾನು ಚಿಕ್ಕೋಡಿ ಕಡೆಯವಳು, ಈಗ ಬೆಂಗಳೂರಿನಲ್ಲಿದ್ದು ಸಂಘ-ಸಂಸ್ಥೆಗಳಿಗೆ ವಿಡಿಯೋ ಮಾಡಿಕೊಟ್ಟು ಬದುಕುತ್ತೇನೆ. ನಮ್ಮೂರ ಪಕ್ಕದ ಹೆಂಗಸರ ಸಿನಿಮಾ, ಅದನ್ನು ತೆಗೆದವರು ನಾನಿರುವ ಊರಿನವರೇ, ಆದರೂ ಅದು ನನ್ನ ಕಣ್ಣಿಗೆ ಬಿದ್ದಿದ್ದು ಬರ್ಲಿನ್‌ನ ಅರ್ಸೆನಲ್ ಅನ್ನುವ ಸಿನಿಮಾ ಸಂಸ್ಥೆಯವರು ಹಳೆಯ ರೀಲುಗಳನ್ನು ಸರಿಮಾಡಿ ಹೊರಗೆ ತಂದ ಮೇಲೆ. ಕನ್ನಡದಲ್ಲಿ ಸಿನಿಮಾ ಬಗ್ಗೆ ದಿನವೂ ರಾಶಿ ರಾಶಿ ಬರೆಯುತ್ತೇವೆ. ನಲವತ್ತು ವರ್ಷಕ್ಕೂ ಜಾಸ್ತಿ ಇದೇ ಊರಿನಲ್ಲಿ ಕೂತು ಕೆಲಸ ಮಾಡಿದ ಒಬ್ಬ ನಿರ್ದೇಶಕಿಯ ಬಗ್ಗೆ ಕನ್ನಡದಲ್ಲಿ ಹುಡುಕಿದರೆ ಓದಲು ಸಿಗುವುದು ತೀರಾ ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ನಮಗೆ ಬರುವ ಆರ್ಡರ್ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಐದು ನಿಮಿಷದ ವಿಡಿಯೋ, ಒಬ್ಬ ಹೆಂಗಸು, ಅವಳ ಕಷ್ಟ, ಸಂಸ್ಥೆಯ ಸಹಾಯ, ಕೊನೆಗೆ ನಗುಮುಖ. ಬೆಳಗ್ಗೆ ಹೋಗಿ ಸಂಜೆ ಬರಬೇಕು. ಎರಡು ಬೈಟ್, ನಡುವೆ ತುಂಬಲು ಒಂದಿಷ್ಟು ಬಿ-ರೋಲ್ ದೃಶ್ಯ, ಒಂದು ಡ್ರೋನ್ ಶಾಟ್. ಒಮ್ಮೆ ಒಂದು ಸಂಸ್ಥೆಯವರು ರಫ್ ಕಟ್ ನೋಡಿ, ‘ಇವರು ಅಳುವ ಫೂಟೇಜ್ ಇಲ್ವಾ?’ ಅಂತ ಕೇಳಿದರು. ಆ ಹೆಂಗಸು ಕ್ಯಾಮೆರಾ ಮುಂದೆ ಲೆಕ್ಕ ಹೇಳಿದ್ದಳು. ಸಾಲ ಎಷ್ಟು, ಬಡ್ಡಿ ಎಷ್ಟು, ಯಾರು ಮೋಸ ಮಾಡಿದರು ಅಂತ ಬೆರಳು ಮಡಿಸಿ ಹೇಳಿದ್ದಳು. ಅಷ್ಟು ಸ್ಪಷ್ಟವಾಗಿ ಮಾತಾಡುವವರು ಸಿಗುವುದೇ ಅಪರೂಪ. ಅದನ್ನು ಬಿಟ್ಟು ಕಣ್ಣೀರು ಬೇಕು ಅಂದರು. ಇಂಥ ಕೆಲಸ ಮಾಡಿ ಮಾಡಿ ಸಾಕಾಗಿದ್ದ ಹೊತ್ತಿನಲ್ಲಿ ನಾನು ದೀಪಾ ಅವರ ಸಿನಿಮಾಗಳನ್ನು ಒಂದಾದ ಮೇಲೊಂದು ನೋಡಿದೆ.

ನೋಡ್ತಾ ನೋಡ್ತಾ ಒಂದು ವಿಷಯ ಎದ್ದು ಕಾಣಿಸಿತು. ಅವರ ಹೆಚ್ಚಿನ ಸಿನಿಮಾಗಳಲ್ಲಿ ಜನ ನೆಲದ ಮೇಲೆ ಸುತ್ತ ಕೂತು ಮಾತಾಡುವ ದೃಶ್ಯ ಇರುತ್ತದೆ. ಸಭೆ. ಜಗಳ, ವಾದ, ನಡುವೆ ನಗು, ಒಬ್ಬಳು ಮಾತು ನಿಲ್ಲಿಸುವ ಮೊದಲೇ ಇನ್ನೊಬ್ಬಳು ಶುರು ಮಾಡುವುದು. ಕ್ಯಾಮೆರಾ ಆ ಗುಂಪಿನಲ್ಲಿ ಜಾಗ ಮಾಡಿಕೊಂಡು ಕೂತಿರುತ್ತದೆ. ಒಬ್ಬಳನ್ನು ಗುಂಪಿನಿಂದ ಎತ್ತಿ ಬೇರೆ ಕೂರಿಸಿ, ಮುಖಕ್ಕೆ ಲೈಟ್ ಬಿಟ್ಟು ‘ನಿಮ್ಮ ನೋವು ಹೇಳಿ’ ಅನ್ನುವುದು ಬಹಳ ಕಡಿಮೆ. ನೋವು ಇದೆ, ಬೇಕಾದಷ್ಟಿದೆ. ಆದರೆ ಆ ನೋವಿನ ಬಗ್ಗೆ ನಾಲ್ಕು ಜನ ಕೂತು ಏನು ತೀರ್ಮಾನ ಮಾಡುತ್ತಾರೆ ಅನ್ನುವ ಕಡೆಗೆ ಅವರ ಕಣ್ಣು. ಅವರ ಇಷ್ಟು ವರ್ಷಗಳ ಕೆಲಸವನ್ನು ನಾನು ಓದುವುದು ಈ ಸಭೆಗಳ ಮೂಲಕ.

ಯುಗಾಂತರ್ ಶುರುವಾಗಿದ್ದು 1980ರಲ್ಲಿ. ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್, ಮತ್ತೆ ಕ್ಯಾಮೆರಾಮನ್ ನವ್ರೋಜ್ ಕಾಂಟ್ರಾಕ್ಟರ್. ನಮ್ಮ ದೇಶದ ಮೊದಲ ಸ್ತ್ರೀವಾದಿ ಸಿನಿಮಾ ತಂಡ ಅಂತ ಇವರನ್ನು ಕರೆಯುತ್ತಾರೆ. ಆ ಹೊತ್ತನ್ನು ಸ್ವಲ್ಪ ನೆನಪು ಮಾಡಿಕೊಳ್ಳಬೇಕು. ತುರ್ತು ಪರಿಸ್ಥಿತಿ ಮುಗಿದು ಮೂರು ವರ್ಷ. ಮಥುರಾ ಅನ್ನುವ ಆದಿವಾಸಿ ಹುಡುಗಿಯ ಮೇಲೆ ಪೊಲೀಸ್ ಠಾಣೆಯಲ್ಲಿ ನಡೆದ ಅತ್ಯಾಚಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಪೊಲೀಸರನ್ನು ಬಿಟ್ಟುಬಿಟ್ಟಿತ್ತು. ಅದರ ವಿರುದ್ಧ ದೇಶದ ಊರೂರಲ್ಲಿ ಹೆಂಗಸರು ಬೀದಿಗೆ ಬಂದಿದ್ದರು. ಹೈದರಾಬಾದ್, ಪುಣೆ, ಬೆಂಗಳೂರು, ದೆಹಲಿ ಎಲ್ಲ ಕಡೆ ಹೊಸ ಮಹಿಳಾ ಸಂಘಟನೆಗಳು ಹುಟ್ಟುತ್ತಿದ್ದವು. ಇತ್ತ ಸಾಕ್ಷ್ಯಚಿತ್ರ ಅಂದರೆ ಜನರಿಗೆ ಗೊತ್ತಿದ್ದದ್ದು ಥಿಯೇಟರಿನಲ್ಲಿ ಸಿನಿಮಾಗೆ ಮೊದಲು ಬರುತ್ತಿದ್ದ ಸರ್ಕಾರದ ಫಿಲ್ಮ್ಸ್ ಡಿವಿಷನ್ ರೀಲು. ಅಣೆಕಟ್ಟು, ಮಂತ್ರಿ, ಗೋಧಿ ಹೊಲ. ಟಿವಿ ಅಂದರೆ ದೂರದರ್ಶನ ಒಂದೇ. ಸರ್ಕಾರದ ಹೊರಗೆ ನಿಂತು ಸಿನಿಮಾ ತೆಗೆದರೆ ತೋರಿಸಲು ಜಾಗವೇ ಇರಲಿಲ್ಲ.

ಇವರು ಜಾಗ ಹುಡುಕಿದ್ದು ಬಸ್ತಿಗಳಲ್ಲಿ, ಹಳ್ಳಿಗಳಲ್ಲಿ, ಯೂನಿಯನ್ ಆಫೀಸುಗಳಲ್ಲಿ. 16 ಎಂಎಂ ಪ್ರೊಜೆಕ್ಟರ್ ಹೊತ್ತುಕೊಂಡು ಹೋಗಿ ಗೋಡೆಗೆ ಬಟ್ಟೆ ಕಟ್ಟಿ ತೋರಿಸುವುದು. ತೋರಿಸಿದ ಮೇಲೆ ಎದ್ದು ಹೋಗುವಂತಿಲ್ಲ, ಅಲ್ಲೇ ಕೂತು ಮಾತಾಡಬೇಕು. ಆ ಮಾತು ನಡೆಯಲಿ ಅಂತಲೇ ಸಿನಿಮಾ ಮಾಡುತ್ತಿದ್ದದ್ದು. ಹಾಗಾಗಿ ಅವರ ಸಿನಿಮಾಗಳು ಅಷ್ಟು ಚಿಕ್ಕವು. ದುಡಿದು ಬಂದ ಹೆಂಗಸು ರಾತ್ರಿ ಅಡುಗೆ ಮುಗಿಸಿ ಬಂದು ಕೂರುವುದು ಎಷ್ಟು ಹೊತ್ತು ಅಂತ ಅವರಿಗೆ ಗೊತ್ತಿತ್ತು.

ಮೊದಲನೆಯದು ‘ಮೋಲ್‌ಕರೀಣ್’, 1981. ಪುಣೆಯಲ್ಲಿ ಮನೆಗೆಲಸದ ಹೆಂಗಸರು 1980ರಲ್ಲಿ ಮುಷ್ಕರ ಹೂಡಿ ಸಂಘ ಕಟ್ಟಿದ ಕಥೆ. ಮನೆಗೆಲಸದವರು ಮುಷ್ಕರ ಮಾಡುವುದು ಅಂದರೆ ಹೇಗೆ ಅಂತ ಯೋಚನೆ ಮಾಡಿ ನೋಡಿ. ಫ್ಯಾಕ್ಟರಿ ಗೇಟ್ ಇಲ್ಲ. ಒಬ್ಬೊಬ್ಬಳೂ ಒಂದೊಂದು ಬೇರೆ ಮನೆಯ ಬೇರೆ ಮಾಲೀಕರ ಕೈಕೆಳಗೆ. ಒಬ್ಬಳು ಬಿಟ್ಟರೆ ಇನ್ನೊಬ್ಬಳು ಸಿಗುತ್ತಾಳೆ ಅನ್ನುವ ಧೈರ್ಯ ಮನೆಯವರಿಗೆ. ಅಂಥ ಕಡೆ ಒಂದು ಬೀದಿಯವರೆಲ್ಲ ಒಟ್ಟಿಗೆ ನಿಂತರೆ ಏನಾಗುತ್ತದೆ ಅನ್ನುವುದೇ ಸಿನಿಮಾ. ಕರ್ನಾಟಕ ಸರ್ಕಾರ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತು ಮಾಡಿದ್ದು 2004ರಲ್ಲಿ, ಅದೂ ಬಹುಪಾಲು ಕಾಗದದ ಮೇಲೆ. ಇವತ್ತಿನ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕೆಲಸದವರಿಗೆ ಬೇರೆ ಲಿಫ್ಟ್, ಗೇಟಿನಲ್ಲಿ ಆ್ಯಪ್ ಮೂಲಕ ಹಾಜರಿ. ನನ್ನ ಪರಿಚಯದ ಒಂದು ಸಂಘದ ಹೆಂಗಸರ ಜೊತೆ ಕೂತು ಈ ಸಿನಿಮಾ ನೋಡಿದಾಗ ಅವರು ಬಾಯಿಬಿಟ್ಟು ಕೇಳಿದ ಮೊದಲ ಪ್ರಶ್ನೆ, ‘ಇವರಿಗೆ ಎಷ್ಟು ಜಾಸ್ತಿ ಮಾಡಿದರು?’ ಅಂತ. ಎರಡನೆಯದು, ‘ರಜೆಗೆ ಸಂಬಳ ಹಿಡೀತಿದ್ರಾ?’ ಅಂತ. ಸಿನಿಮಾ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಯಾರೂ ಹೇಳಲಿಲ್ಲ. ನೇರ ವಿಷಯಕ್ಕೆ ಬಂದರು. ಒಂದು ಸಾಕ್ಷ್ಯಚಿತ್ರಕ್ಕೆ ಇದಕ್ಕಿಂತ ಒಳ್ಳೆ ಪ್ರೇಕ್ಷಕರು ಎಲ್ಲಿ ಸಿಗುತ್ತಾರೆ?

ಇನ್ನು ನಿಪ್ಪಾಣಿ. ಅಲ್ಲಿ ಬೀಡಿಗೆ ಹೋಗುವ ತಂಬಾಕನ್ನು ಕುಟ್ಟಿ, ಸಾಣಿಸಿ, ಹದ ಮಾಡುವ ಕೆಲಸ ಪೂರ್ತಿ ಹೆಂಗಸರದು. ಬಹುಪಾಲು ಮರಾಠಿ ಮನೆಮಾತಿನವರು, ನಮ್ಮ ಬೆಳಗಾವಿ ಜಿಲ್ಲೆಯವರು. 1981ರಲ್ಲಿ ತಂಬಾಕು ಬೆಳೆಗಾರರು ನಿಪ್ಪಾಣಿಯಲ್ಲಿ ಹೆದ್ದಾರಿ ತಡೆದಿದ್ದು, ಗೋಲಿಬಾರ್ ಆಗಿದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆ ಗಲಾಟೆ ಪೇಪರಿನಲ್ಲಿ ಬಂತು, ಪುಸ್ತಕದಲ್ಲೂ ಬಂತು. ಅದೇ ತಂಬಾಕಿನ ಧೂಳು ಕುಡಿದು ಬದುಕಿದ ಹೆಂಗಸರು ಸಂಘ ಕಟ್ಟಿ ಮಾಲೀಕರ ಎದುರು ನಿಂತಿದ್ದು ಅಷ್ಟು ಜನರಿಗೆ ಗೊತ್ತಿಲ್ಲ. ಯುಗಾಂತರ್‌ನವರು ಇವರ ಜೊತೆ ನಾಲ್ಕು ತಿಂಗಳು ಕಳೆದರು. ಕೂಲಿ, ಕೆಲಸದ ಹೊತ್ತು, ಮಾಲೀಕರ ಕಿರುಕುಳ, ಸಂಘ ಹೇಗೆ ಕಟ್ಟಿದೆವು ಅನ್ನುವುದನ್ನೆಲ್ಲ ಕೂತು ಕೇಳಿಕೊಂಡರು. ಯಾವುದು ಸಿನಿಮಾದಲ್ಲಿ ಬರಬೇಕು ಅನ್ನುವುದು ಆ ಹೆಂಗಸರ ಜೊತೆ ಮಾತಾಡಿಯೇ ಗಟ್ಟಿಯಾಯಿತು.

ಇಲ್ಲಿ ಕೆಲಸದ ಒಂದು ಒಳಗುಟ್ಟು ಇದೆ. 16 ಎಂಎಂ ಫಿಲ್ಮಿನ 400 ಅಡಿ ರೀಲು ಓಡುವುದು ಹನ್ನೊಂದೇ ನಿಮಿಷ. ಆಮೇಲೆ ರೀಲು ಬದಲಿಸಬೇಕು. ಒಂದೊಂದು ರೀಲಿಗೂ ದುಡ್ಡು, ತೊಳೆಸಲು ದುಡ್ಡು, ಪ್ರಿಂಟ್ ಹಾಕಿಸಲು ದುಡ್ಡು. ಈಗ ನಾವು ಮೆಮೊರಿ ಕಾರ್ಡ್ ಹಾಕಿ ಮೂರು ಗಂಟೆ ಸುಮ್ನೆ ಓಡಿಸುತ್ತೇವೆ, ಆಮೇಲೆ ಎಡಿಟ್ ಟೇಬಲ್ ಮೇಲೆ ಹುಡುಕಿದರಾಯಿತು ಅಂತ. ಅವರಿಗೆ ಆ ಅನುಕೂಲ ಇರಲಿಲ್ಲ. ಯಾರು ಯಾವಾಗ ಬಾಯಿ ತೆಗೆಯುತ್ತಾರೆ, ಮಾತು ಯಾವ ಕಡೆ ತಿರುಗುತ್ತದೆ ಅನ್ನುವುದು ಮೊದಲೇ ಅಂದಾಜಿರಬೇಕು. ಅಂದಾಜು ಬರಬೇಕಾದರೆ ಅವರ ನಡುವೆ ತಿಂಗಳುಗಟ್ಟಲೆ ಕೂತಿರಬೇಕು. ಕ್ಯಾಮೆರಾ ಹೊರಗೆ ತೆಗೆಯುವ ಮೊದಲೇ ಅರ್ಧ ಸಿನಿಮಾ ಆಗಿರುತ್ತಿತ್ತು ಅಂತ ನನಗನ್ನಿಸುತ್ತದೆ. ಹಣದ ಕೊರತೆ ಒಂದು ಕಡೆ, ಸ್ವಂತ ನಂಬಿಕೆ ಇನ್ನೊಂದು ಕಡೆ, ಎರಡೂ ಸೇರಿ ಅವರಿಗೆ ಕೇಳುವುದನ್ನು ಕಲಿಸಿದವು.

ಈ ಸಿನಿಮಾವನ್ನು ನಮ್ಮ ದೊಡ್ಡವ್ವನಿಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಅವಳು ಹರೆಯದಲ್ಲಿ ತಂಬಾಕಿನ ವಖಾರಿಗೆ, ಅಂದರೆ ಗೋದಾಮಿಗೆ, ಕೆಲಸಕ್ಕೆ ಹೋದವಳು, ಮರಾಠಿ ನೀರು ಕುಡಿದಷ್ಟು ಸುಲಭ ಅವಳಿಗೆ. ಮೂಗಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸರು ಧೂಳಿನಲ್ಲಿ ಕೂತು ಕೆಲಸ ಮಾಡುವುದು ಕಂಡಿತು. ದೊಡ್ಡವ್ವ ತನ್ನ ಸೆರಗನ್ನು ಮೂಗಿನ ಮೇಲೆ ತಂದುಕೊಂಡಳು. ಬೇಕಂತ ಮಾಡಿದ್ದಲ್ಲ, ಕೈ ತಾನೇ ಹೋಯಿತು. ‘ಮನೀಗೆ ಬಂದು ಎಷ್ಟ್ ತಿಕ್ಕಿ ತೊಳಕೊಂಡ್ರೂ ಘಾಟು ಹೋಗತಿರಲಿಲ್ಲ. ಕೂಸು ಎದಿಗೆ ಬಾಯಿ ಹಚ್ಚಿ ಮುಖ ತಿರುವತಿತ್ತು’ ಅಂದಳು. ಇದನ್ನು ಅವಳು ನಮಗೆ ಯಾರಿಗೂ ಹೇಳಿರಲಿಲ್ಲ. ಹೆಂಗಸರ ಸಭೆ ಬಂದಾಗ ಮಾತ್ರ ಬಾಗಿ ಕೂತು ಕೇಳಿದಳು. ಮತ್ತೆ ಹಾಕು ಅಂದಳು. ಮತ್ತೆ ಹಾಕಿದೆ. ‘ನಮ್ಮ ವಖಾರಿ ಒಳಗ ಹಿಂಗ್ ಮಾತಾಡಾವ್ರು ಒಬ್ಬಾಕಿ ಇದ್ಲು, ಆಕೀನ್ನ ಬಿಡಿಸಿಬಿಟ್ರು’ ಅಂತ ಶುರು ಮಾಡಿದವಳು ರಾತ್ರಿ ಊಟದ ಹೊತ್ತಿನ ತನಕ ಮಾತಾಡಿದಳು. ನಾನು ಕ್ಯಾಮೆರಾ ತೆಗೆಯಲಿಲ್ಲ, ತೆಗೆದರೆ ಮಾತು ನಿಲ್ಲುತ್ತಿತ್ತು.

1983ರಲ್ಲಿ ಯುಗಾಂತರ್ ಇನ್ನೆರಡು ಸಿನಿಮಾ ಮಾಡಿತು. ‘ಸುದೇಶಾ’ ಮರ ತಬ್ಬಿ ಕಾಡು ಉಳಿಸುವ ಚಿಪ್ಕೋ ಚಳವಳಿಯ ಒಬ್ಬ ಹಳ್ಳಿ ಹೆಂಗಸಿನ ಬಗ್ಗೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಶಿರಸಿಯ ಸಾಲ್ಕಣಿಯಲ್ಲಿ ಅಂಥದ್ದೇ ಅಪ್ಪಿಕೋ ಚಳವಳಿ ಶುರುವಾಯಿತು. ಇನ್ನೊಂದು ‘ಇದಿ ಕಥ ಮಾತ್ರಮೇನಾ’, ತೆಲುಗಿನದು, ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆಯವರ ಜೊತೆ ಸೇರಿ ಮಾಡಿದ್ದು. ಇದು ಕಥೆಯ ರೂಪದಲ್ಲಿದೆ. ಮನೆಯೊಳಗಿನ ಹೊಡೆತ, ಬೈಗುಳ, ಒಂಟಿತನ. ನಟಿಸಿದವರು ಸಂಘಟನೆಯ ಹೆಂಗಸರೇ. ಗಂಡ ಹೊಡೆಯುವುದನ್ನು ಸಾಕ್ಷ್ಯಚಿತ್ರದಲ್ಲಿ ಹೇಗೆ ತೋರಿಸುವುದು? ಕ್ಯಾಮೆರಾ ಇದ್ದರೆ ಅವನು ಹೊಡೆಯುವುದಿಲ್ಲ. ಆಮೇಲೆ ಅವಳ ಮುಖ ತೋರಿಸಿದರೆ ಅವಳಿಗೇ ಅಪಾಯ. ಹಾಗಾಗಿ ತಮ್ಮ ಅನುಭವಗಳನ್ನೆಲ್ಲ ಒಟ್ಟು ಹಾಕಿ ಒಂದು ಕಥೆ ಮಾಡಿ ತಾವೇ ಅಭಿನಯಿಸಿದರು. ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧ ಮಾಡಿದ 498ಎ ಕಲಂ ಬಂದಿದ್ದು ಸಹ 1983ರಲ್ಲೇ. ಕಾನೂನು ಪುಸ್ತಕದಲ್ಲಿ ಬರುವ ಹೊತ್ತಿಗೆ ಸರಿಯಾಗಿ ಇವರು ಆ ಮಾತನ್ನು ಬಸ್ತಿಗಳಲ್ಲಿ ಬಾಯಿಬಿಟ್ಟು ಆಡಿಸುತ್ತಿದ್ದರು.

ಅಲ್ಲಿಗೆ ಯುಗಾಂತರ್ ಸಿನಿಮಾಗಳು ನಾಲ್ಕಕ್ಕೆ ನಿಂತವು. ದೀಪಾ ನಿಲ್ಲಲಿಲ್ಲ.

1984ರ ಹೈದರಾಬಾದ್ ಗಲಭೆಗಳ ಬಗ್ಗೆ 1986ರಲ್ಲಿ ‘ಕ್ಯಾ ಹುವಾ ಇಸ್ ಶಹರ್ ಕೋ’ ಬಂತು. ಎನ್.ಟಿ. ರಾಮರಾವ್ ಸರ್ಕಾರವನ್ನು ಆಗಸ್ಟಿನಲ್ಲಿ ಬೀಳಿಸಿದ್ದು, ಸೆಪ್ಟೆಂಬರಿನಲ್ಲಿ ಗಣೇಶನ ಮೆರವಣಿಗೆ, ಹಳೇ ನಗರದಲ್ಲಿ ಕರ್ಫ್ಯೂ. ಗಲಭೆ ಅಂದರೆ ಎರಡು ಧರ್ಮದವರಿಗೆ ತಲೆ ಕೆಟ್ಟು ಹೊಡೆದಾಡಿದರು ಅಂತ ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಈ ಸಿನಿಮಾ ಹಾಗೆ ಮಾಡುವುದಿಲ್ಲ. ಎರಡೂ ಕಡೆಯ ನಾಯಕರ ಭಾಷಣ ಕೇಳಿಸುತ್ತದೆ, ಕುರ್ಚಿ ಜಗಳಕ್ಕೂ ಬೀದಿ ಜಗಳಕ್ಕೂ ಇರುವ ಸಂಬಂಧ ಬಿಡಿಸುತ್ತದೆ, ಕರ್ಫ್ಯೂನಲ್ಲಿ ದಿನಗೂಲಿ ಕಳೆದುಕೊಂಡವರ ಮನೆಯೊಳಗೆ ಹೋಗಿ ಕೂರುತ್ತದೆ. ಈ ಸಿನಿಮಾವನ್ನೂ ಅರ್ಸೆನಲ್‌ನವರೇ ಸರಿಮಾಡಿ 2013ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ತೋರಿಸಿದರು. ನಮ್ಮ ದೇಶದಲ್ಲಿ ಸ್ವತಂತ್ರವಾಗಿ ಮಾಡಿದ ಸಾಕ್ಷ್ಯಚಿತ್ರದ ನೆಗೆಟಿವ್‌ಗಳನ್ನು ಯಾರು ಕಾಪಾಡಬೇಕು ಅನ್ನುವ ಪ್ರಶ್ನೆಗೆ ಇವತ್ತಿಗೂ ಸರಿಯಾದ ಉತ್ತರ ಇಲ್ಲ. ಲ್ಯಾಬುಗಳು ಮುಚ್ಚಿದವು. ಮನೆಯ ಕಪಾಟಿನಲ್ಲಿ ಇಟ್ಟ ರೀಲು ನಮ್ಮ ಸೆಖೆಗೆ, ತೇವಕ್ಕೆ ಹುಳಿ ವಾಸನೆ ಬಂದು ಮುದುಡಿ ಹೋಗುತ್ತದೆ. ಹೊರಗಿನವರು ಎತ್ತಿಟ್ಟುಕೊಂಡದ್ದಷ್ಟೇ ಉಳಿಯಿತು. ನನಗೆ ಸಿಟ್ಟು ಬರುವುದು ಇಲ್ಲಿ.

ಅವರ ಸಿನಿಮಾಗಳಲ್ಲಿ ಬಹಳ ಮಂದಿ ನೋಡಿದ್ದು ‘ಸಮ್‌ಥಿಂಗ್ ಲೈಕ್ ಎ ವಾರ್’, 1991. ನಮ್ಮ ಕುಟುಂಬ ಯೋಜನೆ ಕಾರ್ಯಕ್ರಮದ ಬಗ್ಗೆ. ಬ್ರಿಟನ್ನಿನ ಚಾನೆಲ್ 4ಗೆ ಮಾಡಿದ್ದು. ಹಿನ್ನೆಲೆ ಇದು: 1952ರಲ್ಲಿ ಸರ್ಕಾರವೇ ಕುಟುಂಬ ಯೋಜನೆ ಶುರುಮಾಡಿದ ಮೊದಲ ದೇಶ ನಮ್ಮದು. ತುರ್ತು ಪರಿಸ್ಥಿತಿಯಲ್ಲಿ, 1976ರ ಒಂದೇ ವರ್ಷದಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ನಸಬಂದಿ, ಅಂದರೆ ಮಕ್ಕಳಾಗದ ಆಪರೇಷನ್, ಮಾಡಿಸಿದರು. ಅದಕ್ಕೆ ಜನ ಚುನಾವಣೆಯಲ್ಲಿ ಉತ್ತರ ಕೊಟ್ಟರು. ಅಲ್ಲಿಂದಾಚೆ ಗಂಡಸರ ತಂಟೆಗೆ ಹೋಗಲು ಯಾವ ಪಕ್ಷಕ್ಕೂ ಧೈರ್ಯ ಇರಲಿಲ್ಲ. ಇಷ್ಟು ಆಪರೇಷನ್ ಆಗಲೇಬೇಕು ಅನ್ನುವ ಟಾರ್ಗೆಟ್ ಮಾತ್ರ ಉಳಿಯಿತು. ಆ ಟಾರ್ಗೆಟ್ ಪೂರ್ತಿ ಹೆಂಗಸರ ಹೊಟ್ಟೆಯ ಮೇಲೆ ಬಿತ್ತು.

ಸಿನಿಮಾದಲ್ಲಿ ಒಂದು ಆಪರೇಷನ್ ಕ್ಯಾಂಪ್ ಇದೆ. ಹೆಂಗಸರನ್ನು ಸಾಲಾಗಿ ಮಲಗಿಸಿದ್ದಾರೆ. ಡಾಕ್ಟರು ಒಬ್ಬಳಿಂದ ಇನ್ನೊಬ್ಬಳಿಗೆ ಹೋಗುತ್ತಾರೆ, ಕೈ ನಿಲ್ಲುವುದೇ ಇಲ್ಲ. ತಾನು ಎಷ್ಟು ಆಪರೇಷನ್ ಮಾಡಿದ್ದೇನೆ, ಎಷ್ಟು ಬೇಗ ಮುಗಿಸುತ್ತೇನೆ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅವರು ಏನನ್ನೂ ಮುಚ್ಚಿಟ್ಟು ಮಾಡುತ್ತಿಲ್ಲ. ದೇಶಸೇವೆ ಅಂತಲೇ ನಂಬಿದ್ದಾರೆ, ಅದಕ್ಕೇ ಕ್ಯಾಮೆರಾ ಮುಂದೆ ಅಷ್ಟು ನಿರಾಳ. ದೀಪಾ ಅವರನ್ನು ಅಡ್ಡ ಪ್ರಶ್ನೆ ಹಾಕಿ ಕೆಣಕುವುದಿಲ್ಲ. ಮಾತಾಡಲು ಬಿಡುತ್ತಾರೆ. ಕ್ಯಾಮೆರಾ ಮಾತ್ರ ಮಲಗಿರುವವಳ ಮುಖ ಬಿಟ್ಟು ಕದಲುವುದಿಲ್ಲ. ನನಗೆ ಅಲ್ಲಿ ನೋಡಲು ಆಗಲಿಲ್ಲ, ವಿಡಿಯೋ ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದು ಬಂದೆ.

ಆ ಕ್ಯಾಂಪಿನ ಜೊತೆಗೆ ಇನ್ನೊಂದು ಎಳೆ ಓಡುತ್ತದೆ. ಹಳ್ಳಿಯ ಹೆಂಗಸರು ಸುತ್ತ ಕೂತಿದ್ದಾರೆ, ನಡುವೆ ಹೆಣ್ಣಿನ ದೇಹದ ದೊಡ್ಡ ಚಿತ್ರ ಬರೆದುಕೊಂಡಿದ್ದಾರೆ. ಮುಟ್ಟು, ಹೆರಿಗೆ, ಗಂಡ, ಆಸೆ, ಗಂಡುಮಗು ಬೇಕೆನ್ನುವ ಒತ್ತಡ ಎಲ್ಲವನ್ನೂ ಆ ಚಿತ್ರದ ಮೇಲೆ ಕೈಯಿಟ್ಟು ಮಾತಾಡುತ್ತಾರೆ. ಯಾವ ನಾಚಿಕೆಯೂ ಇಲ್ಲ, ಬಿದ್ದು ಬಿದ್ದು ನಗುತ್ತಾರೆ. ಅಲ್ಲಿ ಟೇಬಲ್ ಮೇಲೆ ಯಾವ ದೇಹ ಬರೀ ನಂಬರ್ ಆಗಿತ್ತೋ ಅದೇ ದೇಹದ ಬಗ್ಗೆ ಇಲ್ಲಿ ಅದರ ಒಡತಿಯರು ಮಾತಾಡುತ್ತಿದ್ದಾರೆ. ಬರೀ ಕ್ಯಾಂಪ್ ತೋರಿಸಿದ್ದರೆ ಅಯ್ಯೋ ಪಾಪ ಅಂದು ಮುಗಿಸುತ್ತಿದ್ದೆವು. ಈ ಸಭೆ ಇರುವುದರಿಂದ ಅಯ್ಯೋ ಪಾಪ ಅನ್ನಲು ಬರುವುದಿಲ್ಲ. ಇವರಿಗೆ ತಮಗೇನು ಬೇಕು ಅಂತ ಚೆನ್ನಾಗಿ ಗೊತ್ತಿದೆ, ಕೇಳುವವರಿಲ್ಲ ಅಷ್ಟೆ.

ಕೇಂದ್ರ ಸರ್ಕಾರ ಟಾರ್ಗೆಟ್ ಪದ್ಧತಿ ಕೈಬಿಟ್ಟಿದ್ದು 1996ರಲ್ಲಿ. ಒಂದು ಸಿನಿಮಾದಿಂದ ಹೀಗಾಯಿತು ಅಂತ ನಾನು ಹೇಳುತ್ತಿಲ್ಲ. ದೇಶದ ತುಂಬ ಮಹಿಳಾ ಸಂಘಟನೆಗಳು, ಡಾಕ್ಟರುಗಳು ಹೋರಾಡಿದ್ದರು, ಸಿನಿಮಾ ಆ ಹೋರಾಟದೊಳಗೆ ಇತ್ತು. ಕಾಗದದಲ್ಲಿ ಕೈಬಿಟ್ಟರೂ ಕ್ಯಾಂಪುಗಳು ನಿಲ್ಲಲಿಲ್ಲ. 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯ ಕ್ಯಾಂಪಿನಲ್ಲಿ ಒಬ್ಬ ಡಾಕ್ಟರು ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ಜನ ಸತ್ತರು. ಸುಪ್ರೀಂ ಕೋರ್ಟ್ 2016ರಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಮೂರು ವರ್ಷದೊಳಗೆ ಕ್ಯಾಂಪ್ ಪದ್ಧತಿ ನಿಲ್ಲಿಸಿ ಅಂದಿತು. ಬಿಲಾಸ್‌ಪುರದ ಸುದ್ದಿ ಬಂದಾಗ ಎಷ್ಟೋ ಜನರಿಗೆ ಅದು ಹಠಾತ್ ದುರಂತ. 1991ರ ಆ ಸಿನಿಮಾ ನೋಡಿದವರಿಗೆ ಹಾಗೆ ಅನ್ನಿಸಿರಲಿಕ್ಕಿಲ್ಲ.

ಇಷ್ಟರ ನಡುವೆ ಹೊಟ್ಟೆಪಾಡು ಹೇಗೆ ಅನ್ನುವ ಪ್ರಶ್ನೆ ನನ್ನಂಥವಳಿಗೆ ಬಂದೇ ಬರುತ್ತದೆ. ಸಾಕ್ಷ್ಯಚಿತ್ರದಿಂದ ಮನೆ ನಡೆಯುವುದು ಕಷ್ಟ, ಆಗಲೂ ಈಗಲೂ. ವಿದೇಶಿ ಟಿವಿ, ಫೌಂಡೇಶನ್‌ಗಳ ದುಡ್ಡು ಒಂದೊಂದು ಪ್ರಾಜೆಕ್ಟಿಗೆ ಬರುತ್ತದೆ, ಮುಗಿದರೆ ಮುಗಿಯಿತು. ದೀಪಾ ಮಾಡಿದ ಇನ್ನೊಂದು ಕೆಲಸ ಶಾಲೆಗಳದು. ಸರ್ಕಾರಿ ಶಾಲೆಗೆ ಮೊದಲ ಸಲ ಬರುವ ಮನೆತನಗಳ ಮಕ್ಕಳಿಗಾಗಿ, ಅವರಿಗೆ ಕಲಿಸುವ ಮೇಷ್ಟ್ರುಗಳಿಗಾಗಿ ಹಲವು ವಿಡಿಯೋ ಸರಣಿಗಳನ್ನು ಮಾಡಿದ್ದಾರೆ. ಇದಕ್ಕೆ ಯಾವ ಚಿತ್ರೋತ್ಸವದಲ್ಲೂ ಚಪ್ಪಾಳೆ ಬೀಳುವುದಿಲ್ಲ. ಆದರೆ ಅವರ ಉಳಿದ ಕೆಲಸಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ, ತರಗತಿಯೂ ಒಂದು ಸಭೆಯೇ ಅಲ್ವಾ?

ಆಮೇಲಿನ ಸಿನಿಮಾಗಳಲ್ಲಿ ಸಭೆಗಳು ಬೇರೆ ರೂಪಕ್ಕೆ ಬಂದವು. 2000ರ ಹೊತ್ತಿಗೆ ನಾರಿ ಅದಾಲತ್‌ಗಳ ಬಗ್ಗೆ ಮಾಡಿದರು. ಹಳ್ಳಿಯ ಹೆಂಗಸರೇ ಕೂತು ನ್ಯಾಯ ಹೇಳುವ ಜಾಗ ಅದು. 2011ರ ‘ಇನ್ವೋಕಿಂಗ್ ಜಸ್ಟಿಸ್’ ನನಗೆ ಎಲ್ಲಕ್ಕಿಂತ ಇಷ್ಟ. ತಮಿಳುನಾಡಿನ ಪುದುಕ್ಕೋಟೈನಲ್ಲಿ ಮುಸ್ಲಿಂ ಹೆಂಗಸರು 2004ರಲ್ಲಿ ತಮ್ಮದೇ ಜಮಾತ್, ಅಂದರೆ ಸಮುದಾಯದ ಪಂಚಾಯ್ತಿ, ಕಟ್ಟಿದರು. ಮುಂದೆ ನಿಂತವರು ಶರೀಫಾ ಖಾನಂ. ಊರಿನ ಜಮಾತ್‌ಗಳಲ್ಲಿ ಬರೀ ಗಂಡಸರು. ತಲಾಖ್, ವರದಕ್ಷಿಣೆ, ಜೀವನಾಂಶದ ಜಗಳ ಅಲ್ಲಿಗೆ ಹೋದರೆ ಯಾರ ಬದುಕಿನ ತೀರ್ಮಾನ ಆಗುತ್ತದೋ ಅವಳಿಗೇ ಒಳಗೆ ಜಾಗ ಇಲ್ಲ. ಹಾಗಾದರೆ ನಾವೇ ಕೂರೋಣ ಅಂದರು ಇವರು. ಸಿನಿಮಾದಲ್ಲಿ ಈ ಹೆಂಗಸರು ಕೇಸುಗಳನ್ನು ಬಿಡಿಸುವುದನ್ನು ನೋಡಬೇಕು. ಎರಡೂ ಕಡೆಯವರನ್ನು ಕರೆಸುತ್ತಾರೆ, ಕಾಗದ ಕೇಳುತ್ತಾರೆ, ಸುಳ್ಳು ಹೇಳಿದರೆ ಅಲ್ಲೇ ಹಿಡಿಯುತ್ತಾರೆ, ಪೊಲೀಸ್ ಸ್ಟೇಷನ್ನಿಗೂ ಹೋಗಿ ಕೂರುತ್ತಾರೆ. ಮುಸ್ಲಿಂ ಹೆಂಗಸರ ಬಗ್ಗೆ ಟಿವಿಯಲ್ಲಿ ಇಷ್ಟೊಂದು ಚರ್ಚೆ ನಡೆಯುತ್ತದೆ. ಅವರು ಒಬ್ಬರ ಮೇಲೊಬ್ಬರು ದನಿ ಏರಿಸಿ ವಾದ ಮಾಡುವುದು, ಧರ್ಮವನ್ನೂ ಬಿಡದೆ ಗಂಡಸರ ದರ್ಬಾರಿಗೂ ತಲೆಬಾಗದೆ ದಾರಿ ಹುಡುಕುವುದು, ಇಂಥದನ್ನು ನಾವು ಎಷ್ಟು ಸಲ ನೋಡಿದ್ದೇವೆ? ದೀಪಾ ಇಲ್ಲಿ ಅವರನ್ನು ವೀರಮಹಿಳೆಯರು ಮಾಡಲು ಹೋಗುವುದಿಲ್ಲ. ಕೆಲವು ಕೇಸುಗಳಲ್ಲಿ ಅವರ ಕೈಯಲ್ಲಿ ಏನೂ ಆಗುವುದಿಲ್ಲ, ಅದನ್ನೂ ಇಟ್ಟಿದ್ದಾರೆ.

2018ರ ‘ವಿ ಹ್ಯಾವ್ ನಾಟ್ ಕಮ್ ಹಿಯರ್ ಟು ಡೈ’ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಸಾವಿನ ನಂತರದ ವಿದ್ಯಾರ್ಥಿ ಚಳವಳಿಯ ಬಗ್ಗೆ. ರೋಹಿತ್ ತೀರಿಕೊಂಡಿದ್ದು 2016ರ ಜನವರಿ 17ರಂದು. ಅದಕ್ಕೂ ಮೊದಲು ರೋಹಿತ್ ಸೇರಿ ಐವರು ದಲಿತ ವಿದ್ಯಾರ್ಥಿಗಳನ್ನು ಹಾಸ್ಟೆಲಿನಿಂದ ಹೊರಹಾಕಿದ್ದು, ಅವರು ಹೈದರಾಬಾದ್ ವಿಶ್ವವಿದ್ಯಾಲಯದ ಆವರಣದಲ್ಲೇ ಟೆಂಟ್ ಹಾಕಿ ಅದಕ್ಕೆ ವೆಲಿವಾಡ, ಅಂದರೆ ಊರಾಚೆಯ ದಲಿತರ ಕೇರಿ, ಅಂತ ಹೆಸರಿಟ್ಟಿದ್ದು ನೆನಪಿರಬಹುದು. ಇಲ್ಲಿ ಗುಂಪು ದೊಡ್ಡದು, ಮೈಕ್ ಇದೆ, ಘೋಷಣೆ ಇದೆ. ಸಿನಿಮಾ ಕೆಲವು ಕಡೆ ಭಾಷಣದಿಂದ ಭಾಷಣಕ್ಕೆ ಓಡುತ್ತದೆ, ನನಗೆ ಅಲ್ಲಿ ಸ್ವಲ್ಪ ಉಸಿರು ಬೇಕೆನಿಸಿತು. ನಿಪ್ಪಾಣಿಯ ಹೆಂಗಸರ ಹತ್ತಿರ ಕೂತಷ್ಟು ಹತ್ತಿರ ಇಲ್ಲಿ ಕೂರಲು ಆಗಿಲ್ಲ ಅಂತ ನನ್ನ ಅಭಿಪ್ರಾಯ. ಆದರೆ ವಿದ್ಯಾರ್ಥಿಗಳು ಕ್ಲಾಸಿನಲ್ಲಿ, ಹಾಸ್ಟೆಲಿನಲ್ಲಿ, ಪಿಎಚ್‌ಡಿ ಗೈಡ್ ಎದುರು ತಾವು ಕಂಡ ಜಾತಿಯನ್ನು ಬಿಡಿಸಿ ಹೇಳುವ ಭಾಗಗಳು ಬಹಳ ಗಟ್ಟಿ. ನಮ್ಮ ಯೂನಿವರ್ಸಿಟಿಗಳಲ್ಲಿ ಪಾಠ ಮಾಡುವವರು ಅದನ್ನು ಕೂತು ನೋಡಬೇಕು.

ನವ್ರೋಜ್ ಕಾಂಟ್ರಾಕ್ಟರ್ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಹಿಂದಿಯ ಹೊಸ ಅಲೆಯ ನಿರ್ದೇಶಕ ಮಣಿ ಕೌಲ್ ಅವರ ‘ದುವಿಧಾ’ಕ್ಕೆ ಕ್ಯಾಮೆರಾ ಹಿಡಿದವರು ಅವರೇ. ಅಷ್ಟು ದೊಡ್ಡ ಛಾಯಾಗ್ರಾಹಕ ತಂಬಾಕಿನ ಧೂಳಿನಲ್ಲಿ, ಬಸ್ತಿಯ ಬೆಳಕಿನಲ್ಲಿ ಕೂತು ಹೆಂಗಸರ ಸಭೆಗಳನ್ನು ತೆಗೆದರು. ಆ ಸಭೆಗಳಲ್ಲಿ ಕ್ಯಾಮೆರಾ ಯಾವತ್ತೂ ನಿಂತು ಕೆಳಗೆ ನೋಡುವುದಿಲ್ಲ, ಮಾತಾಡುವವರ ಕಣ್ಣಿನ ಮಟ್ಟಕ್ಕೇ ಇರುತ್ತದೆ. ಅದಕ್ಕೆ ಕ್ಯಾಮೆರಾಮನ್ ನೆಲದ ಮೇಲೆ ಕೂರಬೇಕು, ಭಾರದ ಕ್ಯಾಮೆರಾ ಹೊತ್ತು ಅಲುಗಾಡದೆ ಕೂರಬೇಕು. ಬೈಕ್ ಮತ್ತು ಜಾಝ್ ಸಂಗೀತದ ಹುಚ್ಚಿನ ಮನುಷ್ಯ, ಬೆಂಗಳೂರಿನ ಎಷ್ಟೋ ಜನರಿಗೆ ಗೆಳೆಯ. 2023ರ ಜೂನ್‌ನಲ್ಲಿ ಹೊಸೂರು ಹತ್ತಿರ ಬೈಕ್ ಅಪಘಾತದಲ್ಲಿ ತೀರಿಕೊಂಡರು.

ಈಗ ನನ್ನ ಕೋರಿಕೆ. ಯುಗಾಂತರ್ ಸಿನಿಮಾಗಳನ್ನು ಈಗ ಆನ್‌ಲೈನ್‌ನಲ್ಲಿ ಹುಡುಕಿದರೆ ಸಿಗುತ್ತವೆ. ನಾನು ನೋಡಿದ ನಿಪ್ಪಾಣಿ ಸಿನಿಮಾದ ಪ್ರತಿಯಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇತ್ತು. ಅದಕ್ಕೆ ಕನ್ನಡ ಸಬ್‌ಟೈಟಲ್ ಬರೆದು, ಅನುಮತಿ ಕೇಳಿ, ಬೆಳಗಾವಿ ಜಿಲ್ಲೆಯಲ್ಲಿ ಬೀಡಿ ಕಟ್ಟುವ ಹೆಂಗಸರಿಗೂ ಇಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹುಡುಗಿಯರಿಗೂ ತೋರಿಸಬೇಕು ಅಂತಿದ್ದೇನೆ. ಇಂಗ್ಲಿಷಿನಿಂದ ಮಾಡಿದರೆ ಅವರ ಮಾತಿನ ಖಾರ ಹೋಗುತ್ತದೆ, ಮರಾಠಿ ಕೇಳಿಯೇ ಮಾಡಬೇಕು. ಪುಣೆ ಮರಾಠಿ ಬಲ್ಲವರಿಗೂ ಆ ಮಾತು ಒಮ್ಮೊಮ್ಮೆ ಸಿಕ್ಕುವುದಿಲ್ಲ, ನಿಪ್ಪಾಣಿ, ಚಿಕ್ಕೋಡಿ, ಕಾಗಲ್ ಕಡೆಯ ಬಳಕೆ ಗೊತ್ತಿರಬೇಕು. ದೊಡ್ಡವ್ವ ಅರ್ಧ ಮಾಡಿಕೊಟ್ಟಿದ್ದಾಳೆ, ಆದರೆ ಒಂದು ಹಾಡಿನಲ್ಲಿ ಎರಡು ಸಾಲು ಅವಳಿಗೂ ಕೇಳಿಸುತ್ತಿಲ್ಲ. ನಿಮ್ಮ ಮನೆಯಲ್ಲಿ ಆ ಕಡೆಯ ಹಿರಿಯರು, ಅದರಲ್ಲೂ ವಖಾರಿಯಲ್ಲಿ ಕೆಲಸ ಮಾಡಿದವರು ಇದ್ದರೆ, ಒಂದು ಸಂಜೆ ಅವರ ಜೊತೆ ಕೂತು ಸಿನಿಮಾ ಹಾಕಿ. ಆ ಎರಡು ಸಾಲು ಅವರಿಗೆ ಕೇಳಿಸಿದರೆ ನನಗೆ ಬರೆದು ಕಳಿಸಿ.